ದನದ ದವಾಖಾನೆಯೊಳಗೆ ಬಂದ ಫೋನು

ಪಶು ಆಸ್ಪತ್ರೆಗೆ ಹೊಸದಾಗಿ ಸೇರುವವರಿಗೆ ಎಮ್ಮೆಯ ರಕ್ತನಾಳ ಎಲ್ಲಿ ಸಿಗುತ್ತದೆ ಎಂದು ತರಬೇತಿಯಲ್ಲಿ ತೋರಿಸುತ್ತಾರೆ. ಆ ಎಮ್ಮೆ ನಿಂತಿರುವ ಹೊಲ ಎಲ್ಲಿದೆ ಎಂದು ಹುಡುಕುವುದನ್ನು ನಿಮಗೇ ಬಿಡುತ್ತಾರೆ. ಫೋನಿದೆಯಲ್ಲ ಎನ್ನುತ್ತೀರಿ. ನಾನೂ ಹಾಗೆಯೇ ಅನ್ನುತ್ತಿದ್ದೆ. ಆ ಫೋನಿನ ಜೊತೆಗೆ ನಾನು ಮಾಡಿದ ನೌಕರಿಯ ಬಗ್ಗೆ ನಿಮಗಾಗಿ ನಾಲ್ಕು ಮಾತು ಬರೆಯುತ್ತಿದ್ದೇನೆ.

ನನ್ನ ಹೆಸರು ಖಾಜಾಹುಸೇನ. ಪಶು ವೈದ್ಯಕೀಯ ಪರೀಕ್ಷಕನಾಗಿ ಆಳಂದ ತಾಲ್ಲೂಕಿನಲ್ಲಿ ಕೆಲಸ ಆರಂಭಿಸಿದೆ. ಆಮೇಲೆ ಬಹಳ ವರ್ಷಗಳನ್ನು ಅಫಜಲಪುರದ ಕಡೆಯ ಹಳ್ಳಿಗಳಲ್ಲಿ ಕಳೆದೆ. ಜೇವರ್ಗಿಯಲ್ಲಿ ನಿವೃತ್ತನಾದೆ. ಪರೀಕ್ಷಕನೆಂದರೆ ವೈದ್ಯರ ಕೈಕೆಳಗಿನವನು. ಹಳ್ಳಿಯಲ್ಲಿ ಮಾತ್ರ ಸೂಜಿ ಹಿಡಿದವನೇ ಡಾಕ್ಟರು. ಮೊದಲೆರಡು ವರ್ಷ "ನಾ ಡಾಕ್ಟರ್ ಅಲ್ರಿ" ಎಂದು ತಿದ್ದಿದೆ, ಆಮೇಲೆ ಬಿಟ್ಟೆ. ಸೇರಿದಾಗ ನನ್ನ ಸೈಕಲ್ಲಿನ ಹಿಂದೆ ಇದ್ದದ್ದು ಗಾಜಿನ ಸಿರಿಂಜು, ಅದನ್ನು ಕುದಿಸುವ ಸ್ಟೀಲಿನ ಡಬ್ಬಿ ಮತ್ತು ಒಂದು ರಿಜಿಸ್ಟರು. ನಿವೃತ್ತನಾಗುವ ಹೊತ್ತಿಗೆ, ದನದ ಕಿವಿಯಲ್ಲಿರುವ ಹಳದಿ ಓಲೆಯ ಸಂಖ್ಯೆಯನ್ನು ಫೋನಿನಲ್ಲಿ ತುಂಬದಿದ್ದರೆ ಲಸಿಕೆ ಹಾಕಿದ್ದಕ್ಕೆ ಲೆಕ್ಕವೇ ಇರಲಿಲ್ಲ.

ನಮ್ಮವರಲ್ಲಿ ನನಗೆ ಫೋನ್ ಹುಚ್ಚ ಎಂಬ ಹೆಸರಿತ್ತು, ಸುಳ್ಳಲ್ಲ. ಹುಡುಕಿ ಕೊಡುವುದು, ಟಪಾಲು ಮುಟ್ಟಿಸುವುದು, ದಾರಿ ತೋರಿಸುವುದು, ಭಾಷೆ ಬದಲಿಸುವುದು, ಎಲ್ಲವನ್ನೂ ಮಾಡುವ ಆ ದೊಡ್ಡ ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಅದು ಹೊಸದೇನು ಬಿಟ್ಟರೂ ಎಲ್ಲರಿಗಿಂತ ಮೊದಲು ಇಳಿಸಿಕೊಳ್ಳುತ್ತಿದ್ದವನು ನಾನು. ಬರಬರುತ್ತ ಅದರ ಸ್ವಭಾವ ನಮ್ಮ ಸಾಹೇಬರುಗಳ ಸ್ವಭಾವದಂತೆಯೇ ಕಾಣತೊಡಗಿತು. ಹೊಸ ಸಾಹೇಬರು ಬಂದ ದಿನ ಮೇಜನ್ನು ಕಿಟಕಿಯ ಕಡೆಯಿಂದ ಗೋಡೆಯ ಕಡೆಗೆ ತಿರುಗಿಸುತ್ತಾರೆ. ನಾವು ಅದಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಅವರಿಗೆ ವರ್ಗವಾಗುತ್ತದೆ. ಕಂಪನಿಯೂ ಒಂದು ಸವಲತ್ತು ಕೊಟ್ಟು, ನಮ್ಮ ಕೈ ಪಳಗುವ ಹೊತ್ತಿಗೆ "ಈ ಸೇವೆಯನ್ನು ನಿಲ್ಲಿಸಲಾಗುತ್ತಿದೆ" ಎಂದು ಪತ್ರ ಹಾಕುತ್ತಿತ್ತು. ಬಾಡಿಗೆ ಮನೆ ಬದಲಿಸಿದಂತೆ ನನ್ನ ಲಸಿಕೆ ಟಿಪ್ಪಣಿಗಳನ್ನು ಗಂಟು ಕಟ್ಟಿಕೊಂಡು ಮೂರು ಸಲ ಸಾಗಿಸಿದ್ದೇನೆ. ಆದರೂ ಹುಚ್ಚು ಬಿಡಲಿಲ್ಲ.

ಹುಚ್ಚಿಗೆ ಮೊದಲ ಪೆಟ್ಟು ಬಿದ್ದದ್ದು ಆಳಂದದ ಕಡೆಯ ಒಂದು ಹಳ್ಳಿಯಲ್ಲಿ. ಇಂಟರ್ನೆಟ್ ಇರುವ ಫೋನು ಕೊಂಡು ಇನ್ನೂ ಒಂದು ತಿಂಗಳಾಗಿರಲಿಲ್ಲ. ಭೀಮಶಾ ಎಂಬ ರೈತನ ಎತ್ತು ಹಿಂಗಾಲು ಊರಲಾರದೆ ನಿಂತಿತ್ತು, ಮೈ ಬಿಸಿಯಾಗಿತ್ತು, ತೊಡೆ ಸ್ವಲ್ಪ ಊದಿದಂತಿತ್ತು. ನಾನು ಎತ್ತಿನ ಹತ್ತಿರ ಹೋಗುವ ಮೊದಲೇ ಫೋನಿನಲ್ಲಿ ಲಕ್ಷಣಗಳನ್ನು ಬರೆದು ಹುಡುಕಿದೆ. ಮೊದಲ ಸಾಲಿನಲ್ಲೇ ಚಪ್ಪೆ ರೋಗ ಎಂದು ಬಂತು. ಅದು ಬಂದರೆ ದನ ಒಂದೆರಡು ದಿನದಲ್ಲಿ ಸಾಯುತ್ತದೆ. ಊರಿನ ಉಳಿದ ದನಗಳಿಗೂ ಗಂಡಾಂತರ.

ಅದನ್ನು ಗಟ್ಟಿಯಾಗಿ ಹೇಳಿಬಿಟ್ಟೆ. ಅಕ್ಕಪಕ್ಕದವರು ತಮ್ಮ ದನಗಳನ್ನು ಬಿಚ್ಚಿ ದೂರ ಹೊಡೆದುಕೊಂಡು ಹೋದರು. ಭೀಮಶಾನ ಹೆಂಡತಿ ಎತ್ತಿನ ಕೊಂಬಿಗೆ ಅರಿಶಿನ ಹಚ್ಚಿ ಅಳಲು ಕೂತಳು. ನಾನು ಊರಿಗೆಲ್ಲ ಲಸಿಕೆ ಬೇಕೆಂದು ಆಸ್ಪತ್ರೆಗೆ ಫೋನು ಮಾಡುತ್ತಿದ್ದೆ. ಅಷ್ಟರಲ್ಲಿ ಭೀಮಶಾನ ಅವ್ವ ಕೋಲೂರಿಕೊಂಡು ಬಂದಳು.

"ಸಾಬ್ರ, ನೀವ್ ಆವಾಗಿಂದ ಆ ಡಬ್ಬಿನೇ ನೋಡಾಕತ್ತೀರಿ. ಕಾಲರೆ ಎತ್ತಿ ನೋಡ್ರಿ ಒಮ್ಮೆ" ಎಂದಳು.

ಕಾಲು ಎತ್ತಿದೆ. ಗೊರಸಿನ ಸೀಳಿನಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಬೆರಳುದ್ದ ಹೊಕ್ಕಿತ್ತು, ಸುತ್ತ ಕೀವು ತುಂಬಿತ್ತು. ಚಪ್ಪೆ ರೋಗದಲ್ಲಿ ಊದಿದ ಜಾಗ ಒತ್ತಿದರೆ ಒಳಗೆ ಚರಚರ ಸದ್ದಾಗುತ್ತದೆ ಎಂದು ಓದಿ ಪಾಸಾದವನು ನಾನು. ಒಂದು ಸಲ ಒತ್ತಿ ನೋಡಿದ್ದರೆ ಸಾಕಿತ್ತು. ಮುಳ್ಳು ಕಿತ್ತು ಔಷಧ ಹಾಕಿದೆ. ಮೂರನೆಯ ದಿನ ಎತ್ತು ಕಾಲೂರಿತು. ಭೀಮಶಾ ನನ್ನನ್ನು ಬೈಯಲಿಲ್ಲ. ಎತ್ತು ಉಳಿಯಿತಲ್ಲ ಎಂಬ ಸಮಾಧಾನದಲ್ಲಿ ಊಟ ಹಾಕಿ ಕಳಿಸಿದ. ಅವತ್ತಿನಿಂದ ಮೊದಲು ಕೈ, ಆಮೇಲೆ ಫೋನು ಎಂದು ನಿಯಮ ಮಾಡಿಕೊಂಡೆ. ನೀವೂ ಮಾಡಿಕೊಳ್ಳಿ.

ಅಫಜಲಪುರಕ್ಕೆ ಬಂದ ಮೇಲೆ ಒಂದು ಮಳೆಗಾಲದಲ್ಲಿ ಭೀಮಾ ನದಿ ಉಕ್ಕಿತು. ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಾರೆ, ದಂಡೆಯ ಹಳ್ಳಿಗಳ ಜನ ತಮ್ಮ ಎಲ್ಲ ದನಕರುಗಳನ್ನು ಎತ್ತರದ ಜಾಗಕ್ಕೆ ಸಾಗಿಸಬೇಕು ಎಂದು ಇಂಗ್ಲಿಷಿನಲ್ಲಿ ಆದೇಶ ಬಂತು. ಕನ್ನಡದಲ್ಲಿ ಮಾಡಿ ಅರ್ಧ ಗಂಟೆಯೊಳಗೆ ಹಳ್ಳಿಗಳಿಗೆ ಮುಟ್ಟಿಸಬೇಕಿತ್ತು. ಆ ಕೆಲಸ ಫೋನ್ ಹುಚ್ಚನ ಪಾಲಿಗೇ ಬಂತು. ನಾನು ಕಂಪನಿಯ ಅನುವಾದದ ಪೆಟ್ಟಿಗೆಗೆ ಆದೇಶವನ್ನು ಹಾಕಿದೆ. ಅದು ಉಗುಳಿದ್ದರ ಮೇಲೆ ಸುಮ್ಮನೆ ಕಣ್ಣಾಡಿಸಿ ಕಳಿಸಿಬಿಟ್ಟೆ. ಇಂಗ್ಲಿಷಿನವರು ದನಗಳನ್ನು ಇಷ್ಟು 'ಹೆಡ್' ಎಂದು ತಲೆ ಲೆಕ್ಕದಲ್ಲಿ ಎಣಿಸುತ್ತಾರೆ. ಪೆಟ್ಟಿಗೆ ಆ ತಲೆಯನ್ನು ಬೇರೆ ಬಗೆಯಲ್ಲಿ ತಿಳಿದುಕೊಂಡಿತ್ತು. ಘತ್ತರಗಿಯ ಕಡೆಯ ಒಂದು ಹಳ್ಳಿಯಲ್ಲಿ ನಾನು ಗಾಡಿ ನಿಲ್ಲಿಸುವಾಗ ಮೈಕಿನಲ್ಲಿ ಓದುತ್ತಿದ್ದರು: "ಜಾನುವಾರುಗಳ ಮುಖ್ಯಸ್ಥರನ್ನು ಕೂಡಲೇ ಸುರಕ್ಷಿತ ಸ್ಥಳಕ್ಕೆ ಸ್ಥಳಾಂತರಿಸತಕ್ಕದ್ದು."

ಉಳಿದ ಹಳ್ಳಿಗಳಿಗೆಲ್ಲ ಫೋನು ಹಚ್ಚಿ ತಪ್ಪನ್ನು ತಿದ್ದಿ ಹೇಳಿದೆ. ಆಗಲೇ ನೀರು ನದಿಯ ಮೆಟ್ಟಿಲುಗಳನ್ನು ನುಂಗುತ್ತಿತ್ತು. ಶರಣಪ್ಪ ಎಂಬ ಹಿರಿಯ ನನ್ನ ಹತ್ತಿರ ಬಂದ. ಅವನ ಮುಖದಲ್ಲಿ ನಗೆಯಿರಲಿಲ್ಲ.

"ಸಾಬ್ರ, ಮುಖ್ಯಸ್ಥ ಅಂದ್ರ ಯಾವ್ದ್ರಿ? ಮುಂದ ನಡಿಯೋ ಎಮ್ಮಿ ಏನ್ರಿ?"

"ಕಾಕಾ, ನಂದ ತಪ್ಪಾಗೇದ. ಎಲ್ಲಾ ದನಾನೂ ಹೊಡಕೊಂಡು ಹೋಗ್ಬೇಕ್ರಿ."

"ಅದಾ ಹೇಳಾಕತ್ತೇನಿ. ಮುಂದಿಂದು ಹೋದ್ರ ಎಲ್ಲಾ ಹೋಗ್ತಾವ."

ಅವನು ತನ್ನ ಮುದಿ ಎಮ್ಮೆಯನ್ನು ಮೊದಲು ಬಿಚ್ಚಿದ. ದಿನಾಲೂ ಮೇಯಲು ಹೋಗುವಾಗ ಅದೇ ಮುಂದೆ ನಡೆಯುತ್ತಿತ್ತಂತೆ. ಗುಡಿಯ ಹಿಂದಿನ ದಿಬ್ಬದ ದಾರಿಗೆ ಅದನ್ನು ತಿರುಗಿಸಿದ. ಉಳಿದವರು ತಮ್ಮ ದನಗಳ ಹಗ್ಗ ಬಿಚ್ಚಿದರು. ಓಣಿಯ ದನಗಳೆಲ್ಲ ಸಾಲಾಗಿ ಅದರ ಹಿಂದೆ ಹೊರಟವು. ನೀರಿನ ಸದ್ದಿಗೆ ಬೆದರಿ ದಿಕ್ಕುದಿಕ್ಕಿಗೆ ಓಡಬಹುದೆಂದು ನಾನು ಹೆದರಿದ್ದೆ. ಒಂದೂ ಓಡಲಿಲ್ಲ. ಸಂಜೆಯ ಹೊತ್ತಿಗೆ ಕೆಳಗಿನ ಕೊಟ್ಟಿಗೆಗಳಲ್ಲಿ ನೀರಿತ್ತು, ದನಗಳೆಲ್ಲ ದಿಬ್ಬದ ಮೇಲೆ ಮೆಲುಕು ಹಾಕುತ್ತ ಮಲಗಿದ್ದವು. ನಾನು ಎರಡೆರಡು ಸಲ ಎಣಿಸಿದೆ. ಆಮೇಲೆ ಯಂತ್ರ ಮಾಡಿದ ಯಾವ ಕನ್ನಡವನ್ನೂ ಜೋರಾಗಿ ಒಬ್ಬರಿಗೆ ಓದಿ ಹೇಳದೆ ಕಳಿಸಿದ್ದಿಲ್ಲ. ಮನೆಯಲ್ಲಿ ಹೆಂಡತಿ ಶಾಹೀನ ಕೇಳಿ ಕೇಳಿ ಸಾಕಾಗಿ, ಅರ್ಧ ಸರಕಾರಿ ನೌಕರಿ ತಾನೇ ಮಾಡಿದ್ದೇನೆ ಎನ್ನುತ್ತಿದ್ದಳು.

ಇನ್ನು ಶಾಂತಾಬಾಯಿಯ ಎಮ್ಮೆ. ಈ ಒಂದು ಸಂಗತಿಗಾಗಿಯಾದರೂ ನೀವು ಇದನ್ನು ಪೂರ್ತಿ ಓದಬೇಕು.

ಅತನೂರಿನಿಂದ ಗೊಬ್ಬೂರಿನ ಕಡೆಗೆ ಹೋಗುವಾಗ ಒಳಗೆ ಒಂದು ಹೊಲದ ಮನೆ. ಶಾಂತಾಬಾಯಿ ಅಲ್ಲಿ ಒಂದೇ ಎಮ್ಮೆ ಕಟ್ಟಿಕೊಂಡಿದ್ದಳು. ಅದಕ್ಕೂ ಹಿಂದಿನ ಎಮ್ಮೆ ಜೋಳದ ಕೂಳೆ ತಿಂದು, ಯಾರೂ ಬಂದು ಮುಟ್ಟುವ ಮೊದಲೇ ಅವಳ ಕಣ್ಣೆದುರಿಗೆ ಸತ್ತಿತ್ತು. ಜೋಳ ಕೊಯ್ದ ಮೇಲೆ ಬುಡದಿಂದ ಮತ್ತೆ ಚಿಗುರುವ ಎಳೆಯೇ ಕೂಳೆ. ನೋಡಲು ಹಸಿರಾಗಿ ಚೆಂದ, ಆದರೆ ಅದರಲ್ಲಿ ವಿಷವಿರುತ್ತದೆ. ಹೊಟ್ಟೆ ತುಂಬ ತಿಂದ ದನ ಒಂದು ತಾಸು ಉಳಿದರೆ ಹೆಚ್ಚು. ಆ ವರ್ಷ ಸುಗ್ಗಿ ಮುಗಿದ ಮೇಲೆ ಅಕಾಲದಲ್ಲಿ ಮಳೆ ಬಿದ್ದು ಹೊಲಗಳಲ್ಲೆಲ್ಲ ಕೂಳೆ ಎದ್ದಿತ್ತು.

ಬೆಳಗಿನ ಹತ್ತು ಗಂಟೆಗೆ ಅವಳ ಫೋನು ಬಂತು. "ಸಾಬ್ರ, ಹಗ್ಗ ಹರಕೊಂಡು ಹೋಗಿ ಎಮ್ಮಿ ಕೂಳಿ ತಿಂದದ್ರಿ. ನಡಗಾಕತ್ತದ."

"ವಿಡಿಯೋ ಕಾಲ್ ಹಚ್ರಿ, ಎಮ್ಮಿ ಬಾಯಿ ತೋರಸ್ರಿ" ಎಂದೆ. ಹಚ್ಚಿದಳು. ಫೋನಿನ ತುಂಬ ಅವಳ ಕಿವಿ, ಕಿವಿಯ ಬುಗುಡಿ ಕಂಡಿತು.

"ಕಿವಿಗೆ ಹಿಡೀಬ್ಯಾಡ್ರಿ ಬಾಯಿ. ಎಮ್ಮಿ ಕಡೆ ಹಿಡೀರಿ."

"ಕಿವಿಗೆ ಹಿಡೀದಿದ್ರ ಹ್ಯಾಂಗ ಕೇಳತದ್ರಿ?"

"ಕೇಳತದ. ಹಿಡೀರಿ."

ಎಮ್ಮೆಯ ಒಸಡು ಕಂಡಿತು. ಕುಂಕುಮದಷ್ಟು ಕೆಂಪಗಿತ್ತು. ಅದೇ ವಿಷದ ಗುರುತು. ಕಂಪನಿಯ ಸಾಮಾನುಗಳಲ್ಲಿ ನಾನು ಮನಸಾರೆ ಹೊಗಳುವುದು ಏನಾದರೂ ಇದ್ದರೆ ಆ ಒಂದು ನಿಮಿಷದ ವಿಡಿಯೋ. ಎಮ್ಮೆಯನ್ನು ಓಡಾಡಿಸಬೇಡಿ, ನೆರಳಿನಲ್ಲಿ ನಿಲ್ಲಿಸಿ, ನೀವಿರುವ ಜಾಗವನ್ನು ಫೋನಿನಲ್ಲಿ ಕಳಿಸಿ ಎಂದು ಹೇಳಿ, ಔಷಧದ ಪೆಟ್ಟಿಗೆ ಕಟ್ಟಿಕೊಂಡು ಮೋಟಾರ್ ಸೈಕಲ್ ಹತ್ತಿದೆ.

ಅವಳ ಮನೆಗೆ ಆವರೆಗೆ ನಾನು ಹೋಗಿರಲಿಲ್ಲ. ನಕ್ಷೆಯ ನೀಲಿ ಗೆರೆಯನ್ನು ನಂಬಿ ಹೊರಟೆ. ಡಾಂಬರು ಮುಗಿಯಿತು, ಬಂಡಿ ದಾರಿ ಬಂತು. ಬಂಡಿ ದಾರಿ ಮುಗಿದು ಬದುವಿನ ಮೇಲಿನ ಕಾಲುದಾರಿ ಬಂತು. ಅದೂ ಮುಗಿದಲ್ಲಿ ಒಂದು ಹಳ್ಳ ಅಡ್ಡ ಬಂತು. ಫೋನಿನೊಳಗಿನ ಹೆಣ್ಣುಮಗಳು ಬಹಳ ಸಮಾಧಾನದಿಂದ "ನೀವು ತಲುಪಬೇಕಾದ ಸ್ಥಳ ಬಂದಿದೆ" ಎಂದಳು. ಮನೆ ಕಾಣುತ್ತಿತ್ತು. ಆಚೆ ದಂಡೆಯಲ್ಲಿತ್ತು. ನಡುವೆ ಮಳೆಯ ರಾಡಿ ನೀರು ಹರಿಯುತ್ತಿತ್ತು.

ಶಾಂತಾಬಾಯಿ ದಂಡೆಗೆ ಓಡಿ ಬಂದಳು. "ಅಲ್ಲಿಂದ ಯಾಕ ಬಂದ್ರಿ ಸಾಬ್ರ? ಆ ಕಡಿಂದ ಯಾರೂ ಬರಂಗಿಲ್ರಿ."

"ಫೋನ್ ಕರಕೊಂಡು ಬಂತ್ರಿ."

ಸುತ್ತಿ ಬರಲು ಇನ್ನೂ ಅರ್ಧ ಗಂಟೆ ಬೇಕು ಎಂದಳು. ಅಷ್ಟು ಹೊತ್ತು ಎಮ್ಮೆಗಿರಲಿಲ್ಲ. ನಾನು ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಇಳಿದೆ. ಎರೆ ಮಣ್ಣು ಮೊಣಕಾಲಿನವರೆಗೆ ಹಿಡಿದುಕೊಂಡಿತು. ಒಂದು ಹೆಜ್ಜೆ ಕಿತ್ತರೆ ಇನ್ನೊಂದು ಹೂತುಹೋಗುತ್ತಿತ್ತು. ಪೆಟ್ಟಿಗೆ ಬಿದ್ದರೆ ಎಲ್ಲ ಮುಗಿದಂತೆ. ಅವಳು ಆಚೆಯಿಂದ ಕೂಗಿ ಹೇಳುತ್ತಿದ್ದಳು: "ಬಲಕ್ಕ ಸರೀರಿ. ಇನ್ನಾ ಸ್ವಲ್ಪ. ಅಲ್ಲಿ ಬಟ್ಟಿ ಒಗೆಯೋ ಕಲ್ಲ ಅದ. ಹಾಂ, ಈಗ ನೆಟ್ಟಗ ಬರ್ರಿ." ನನ್ನ ಕಾಲಿಗೆ ಕಲ್ಲು ಸಿಕ್ಕಿತು. ಅವಳು ಹೇಳಿದಂತೆ ನಡೆದೆ, ದಂಡೆ ಸಿಕ್ಕಿತು.

ಎಮ್ಮೆ ಆಗಲೇ ಬಿದ್ದಿತ್ತು. ಬಾಯಲ್ಲಿ ನೊರೆ, ಉಸಿರು ಎಳೆದೆಳೆದು ಬಿಡುತ್ತಿತ್ತು. ಶಾಂತಾಬಾಯಿ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದಳು. ಕುತ್ತಿಗೆಯ ರಕ್ತನಾಳ ಹುಡುಕಿ ಮೊದಲ ಔಷಧ ಕೊಟ್ಟೆ, ಹಿಂದೆಯೇ ಎರಡನೆಯದು. ಆ ಎರಡನೆಯದು ಹೈಪೋ. ಹಿಂದೆ ಫೋಟೋ ಸ್ಟುಡಿಯೋದವರು ಚಿತ್ರ ತೊಳೆಯಲು ಬಳಸುತ್ತಿದ್ದ ಪುಡಿಯೂ ಅದೇ. ಆಸ್ಪತ್ರೆಯಲ್ಲಿ ಮುಗಿದಾಗ ಸ್ಟುಡಿಯೋಗೆ ಓಡಿದ ನೌಕರರಿದ್ದರು. ಫೋನುಗಳು ಬಂದು ಸ್ಟುಡಿಯೋಗಳ ಕತ್ತಲ ಕೋಣೆಗಳೆಲ್ಲ ಮುಚ್ಚಿದವು. ಅದಕ್ಕೇ ನಾನು ಯಾವಾಗಲೂ ಪೆಟ್ಟಿಗೆಯಲ್ಲಿ ಒಂದು ಬಾಟಲಿ ಹೆಚ್ಚಿಗೆ ಇಟ್ಟುಕೊಳ್ಳುತ್ತಿದ್ದೆ. ಅವತ್ತು ಆ ಹೆಚ್ಚಿನ ಬಾಟಲಿಯೂ ಬೇಕಾಯಿತು.

ಕಾದೆವು. ನಾನು ಎಮ್ಮೆಯ ಎದೆಯ ಮೇಲೆ ಕೈಯಿಟ್ಟು ಬಡಿತ ಎಣಿಸುತ್ತಿದ್ದೆ. ಮೊದಲು ಕಿವಿ ಅಲುಗಿತು. ಆಮೇಲೆ ಉಸಿರಿನ ಎಳೆತ ಕಡಿಮೆಯಾಯಿತು. ಸ್ವಲ್ಪ ಹೊತ್ತಿಗೆ ಎಮ್ಮೆ ಮುಂಗಾಲು ಮಡಚಿ, ಎರಡು ಸಲ ಜೋಲಿ ಹೊಡೆದು, ಎದ್ದು ನಿಂತು, ಧಾರಾಳವಾಗಿ ಉಚ್ಚೆ ಹೊಯ್ದಿತು. ಅಷ್ಟು ಸಂತೋಷ ಕೊಟ್ಟ ಸದ್ದನ್ನು ನಾನು ಕಡಿಮೆ ಕೇಳಿದ್ದೇನೆ. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಶಾಂತಾಬಾಯಿ ಆಗ ನೆಲದ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಳು.

ಇವತ್ತಿನ ಹಾಲು ಯಾರೂ ಕುಡಿಯಬಾರದು, ಚೆಲ್ಲಿಬಿಡಿ ಎಂದು ಹೇಳಿದೆ. ಅವಳು ಕರಿ ಚಹಾ ಕಾಸಿ ತಂದಳು. "ಹಾಲಿಲ್ಲದ ಚಹಾ ಕುಡಿಸಾಕತ್ತೇನ್ರಿ ಸಾಬ್ರ, ತಪ್ಪು ತಿಳೀಬ್ಯಾಡ್ರಿ" ಎಂದಳು. ನನ್ನ ಕಾಲಿನ ಕೆಸರು ಒಣಗಿ ಚಕ್ಕೆ ಏಳುತ್ತಿತ್ತು. ಎಮ್ಮೆ ನಮ್ಮಿಬ್ಬರನ್ನೂ ಬಿಟ್ಟು ಮತ್ತೆ ಆ ಕೂಳೆಯ ಕಡೆಗೇ ನೋಡುತ್ತಿತ್ತು. ದಪ್ಪ ಹಗ್ಗ ಹಾಕಿಸಿಯೇ ಅಲ್ಲಿಂದ ಹೊರಟೆ.

ಆ ಮೇಲೆ ನಕ್ಷೆಯಲ್ಲಿ ದಾರಿಗಳನ್ನು ತಿದ್ದುವ ಕೆಲಸಕ್ಕೆ ಬಿದ್ದೆ. ಹೋದ ಹಳ್ಳಿಯ ಹಾದಿ, ಹೊಲದ ಮನೆ, ಹಳ್ಳ ದಾಟುವ ಜಾಗ, ಎಲ್ಲ ಗುರುತು ಮಾಡಿ ಕಳಿಸುತ್ತಿದ್ದೆ. ಕಂಪನಿ ಸಂಬಳ ಕೊಡದೆ ಪದಕದ ಚಿತ್ರ ಕಳಿಸುತ್ತಿತ್ತು. ಒಂದು ಸಲ "ನಿಮ್ಮ ಚಿತ್ರ ಬಹಳ ಜನರಿಗೆ ಮೆಚ್ಚುಗೆಯಾಗಿದೆ" ಎಂದು ಅಭಿನಂದನೆ ಬಂತು. ತೆರೆದು ನೋಡಿದರೆ ತಿರುವಿನ ಗುರುತಿಗೆಂದು ನಾನು ತೆಗೆದ ತಿಪ್ಪೆಯ ಚಿತ್ರ. ಆದರೂ ನಿಮಗೆ ಹೇಳುವುದು ಇಷ್ಟೇ: ಹೊರಡುವ ಮೊದಲು ದನದ ಮಾಲಕರನ್ನು "ಯಾವ ಗಿಡದ ಹತ್ತಿರ ತಿರುಗಬೇಕ್ರಿ?" ಎಂದು ಒಂದು ಮಾತು ಕೇಳಿ. ನಕ್ಷೆಗೆ ಅದರಿಂದ ಬೇಸರವಾಗುವುದಿಲ್ಲ.

ಜೇವರ್ಗಿಯಲ್ಲಿ ನನಗೆ ಪಾಟೀಲ ಸಾಹೇಬರು ಸಿಕ್ಕರು. ಒಳ್ಳೆಯ ವೈದ್ಯರು, ಆದರೆ ಬೆರಳಿನಲ್ಲಿ ಟೈಪ್ ಮಾಡುವುದೆಂದರೆ ಅವರಿಗೆ ಆಗುತ್ತಿರಲಿಲ್ಲ. ಮಾತಾಡಿದ್ದನ್ನು ಬರೆದುಕೊಳ್ಳುವ ಸವಲತ್ತನ್ನು ನಾನೇ ಅವರ ಫೋನಿನಲ್ಲಿ ಹಾಕಿಕೊಟ್ಟೆ. ಒಮ್ಮೆ ಕಲಬುರಗಿಯ ಮೀಟಿಂಗಿಗೆ ತಡವಾಗಿತ್ತು. ಮೇಲಧಿಕಾರಿಗಳು ಎಲ್ಲಿದ್ದೀರಿ ಎಂದು ಕೇಳಿದ್ದರು. ಜೀಪಿನಲ್ಲಿ ಸಾಹೇಬರು ಫೋನನ್ನು ಬಾಯಿಯ ಹತ್ತಿರ ಹಿಡಿದು "ಸರ್, ಬರಾಕತ್ತೇನಿ" ಎಂದು ಹೇಳಿ ಕಳಿಸಿದರು. ಆಮೇಲೆ ಕನ್ನಡಕ ಹಾಕಿಕೊಂಡು ನೋಡಿದರು. ನೋಡುತ್ತಲೇ ಇದ್ದರು. ಫೋನನ್ನು ನನ್ನ ಕೈಗೆ ಕೊಟ್ಟರು. "ಸರ್ ಬಾರಾ ಕತ್ತೆ ನೀ" ಎಂದು ಹೋಗಿತ್ತು.

ನಮ್ಮ ಕಡೆಯ ಮಾತು ಆ ಯಂತ್ರ ಕೇಳಿರಲೇ ಇಲ್ಲ. ತನಗೆ ಗೊತ್ತಿದ್ದ ಕನ್ನಡದಲ್ಲಿ ಹುಡುಕಿ ಕತ್ತೆಯನ್ನು ತಂದು ನಿಲ್ಲಿಸಿತ್ತು. ಕತ್ತೆಯೂ ನಮ್ಮ ಇಲಾಖೆಗೇ ಸೇರಿದ ಪ್ರಾಣಿ ಎಂಬುದಷ್ಟೇ ಸಮಾಧಾನ.

"ಖಾಜಾ, ನನ್ನ ನೌಕರಿ ಹೋತಪಾ" ಎಂದರು ಸಾಹೇಬರು.

ಅಳಿಸಲು ನೋಡಿದೆ, ಅಷ್ಟರಲ್ಲಿ ಮೇಲಧಿಕಾರಿಗಳು ಓದಿಯಾಗಿತ್ತು. ಫೋನು ಹೊಡೆದುಕೊಂಡಿತು. ಸಾಹೇಬರು ಅದನ್ನು ಇಸಿದುಕೊಳ್ಳದೆ ನನ್ನ ಕಡೆ ನೋಡಿದರು. ನಾನು ಸ್ಪೀಕರ್ ಹಚ್ಚಿದೆ. ಆ ಕಡೆಯಿಂದ ಮೇಲಧಿಕಾರಿಗಳ ದನಿ ಬಂತು: "ಪಾಟೀಲ್ರ, ಹೋದ ತಿಂಗಳ ನಾನೂ ಇದನ್ನ ನಮ್ಮ ಮಾವನವರಿಗೆ ಕಳಿಸೇನ್ರಿ. ಇನ್ನಾ ಅವರು ಮಾತಾಡಿಲ್ಲ. ಸಾವಕಾಶ ಬರ್ರಿ."

ಸಾಹೇಬರು ಸೀಟಿಗೆ ಒರಗಿ ಕಣ್ಣು ಮುಚ್ಚಿದರು. ಕಲಬುರಗಿ ಮುಟ್ಟುವವರೆಗೆ ನಾವಿಬ್ಬರೂ ಸರದಿಯ ಮೇಲೆ ನಗುತ್ತಿದ್ದೆವು.

ನಿವೃತ್ತಿಯ ಮೇಲೆ ಅಫಜಲಪುರದ ಮನೆಗೆ ಬಂದೆ. ಮೊದಲ ವಾರ ಫೋನು ಸುಮ್ಮನಿದ್ದದ್ದು ಎಷ್ಟು ಹಿತವಾಗಿತ್ತೆಂದರೆ, ಅದು ಕೆಟ್ಟಿಲ್ಲ ತಾನೆ ಎಂದು ಎರಡು ಸಲ ನೋಡಿದೆ. ಆಸ್ಪತ್ರೆಯಲ್ಲಿ ಈಗ ಚುರುಕಿನ ಡಾಕ್ಟರಮ್ಮ ಇದ್ದಾಳೆ. ಯಾರಾದರೂ ಮನೆಗೆ ಬಂದರೆ ಅಲ್ಲಿಗೇ ಕಳಿಸುತ್ತಿದ್ದೆ. ಅಷ್ಟರೊಳಗೆ ಆಡಿನ ಹೊಟ್ಟೆ ಒಮ್ಮೆ ಮುಟ್ಟಿ ನೋಡುವುದು, ಕರುವಿನ ಕಣ್ಣರೆಪ್ಪೆ ಒಮ್ಮೆ ಎಳೆದು ನೋಡುವುದು ಇದ್ದದ್ದೇ.

ಒಂದು ಮಧ್ಯಾಹ್ನ ನಕ್ಷೆಯವರಿಂದ ಒಂದು ಪ್ರಶ್ನೆ ಬಂತು: ಈ ಸ್ಥಳ ನಿಮಗೆ ಗೊತ್ತೇ? ತೆರೆದೆ. ನಮ್ಮ ಮನೆ. ಗೇಟಿನ ಮುಂದೆ ಒಂದು ಆಡು ನಿಂತ ಚಿತ್ರ. ಮೇಲೆ "ಖಾಜಾಸಾಬರ ದನದ ದವಾಖಾನಿ" ಎಂದು ಹೆಸರು. ಐದು ಚುಕ್ಕಿ ಕೊಟ್ಟು ಯಾರೋ ಬರೆದಿದ್ದರು: "ಚಲೋ ನೋಡ್ತಾರ. ಮಧ್ಯಾಹ್ನ ಮಲಗಿರ್ತಾರ, ಬಾಗಿಲ ಜೋರ್ ಬಡೀರಿ."

ಶಾಹೀನಳಿಗೆ ತೋರಿಸಿದೆ. ಅವಳು ಎರಡು ಸಲ ಓದಿದಳು. "ಎಲ್ಲಾರೂ ಬಾಗಿಲ ಯಾಕ ಇಷ್ಟ ಜೋರ್ ಬಡೀತಾರ ಅಂತ ಈಗ ಗೊತ್ತಾತು ನೋಡ್ರಿ" ಎಂದಳು.

ಇದು ಸರಿಯಲ್ಲ, ನಾನು ನಿವೃತ್ತ ಮನುಷ್ಯ, ಆಸ್ಪತ್ರೆಯ ಹೆಸರಿನಲ್ಲಿ ಮನೆ ಇರಬಾರದು ಎಂದು, ತಿದ್ದುವ ಜಾಗದಲ್ಲಿ "ಶಾಶ್ವತವಾಗಿ ಮುಚ್ಚಿದೆ" ಎಂಬುದನ್ನು ಒತ್ತಿದೆ. ಒತ್ತುವಾಗ ಬೆರಳು ಸ್ವಲ್ಪ ತಡೆಯಿತು. ನಿಮ್ಮ ಸಲಹೆಯನ್ನು ಪರಿಶೀಲಿಸುತ್ತೇವೆ ಎಂದು ಉತ್ತರ ಬಂತು. ಆ ಮೇಲಿನ ದಿನಗಳಲ್ಲಿ ಎರಡು ಆಡು, ಒಂದು ಕರು, ಕಾಲು ಮುರಿದ ಕೋಳಿಯೊಂದು ಬಂದು ಹೋದವು.

ವಾರದ ಹೊತ್ತಿಗೆ ಪತ್ರ ಬಂತು. ಕನ್ನಡಕ ಸಿಗಲಿಲ್ಲವೆಂದು ಶಾಹೀನಳಿಗೆ ಕೊಟ್ಟೆ. ಅವಳು ಗಟ್ಟಿಯಾಗಿ ಓದಿದಳು: "ಧನ್ಯವಾದಗಳು. ನೀವು ಸೂಚಿಸಿದ ಬದಲಾವಣೆಯನ್ನು ಖಚಿತಪಡಿಸಿಕೊಳ್ಳಲು ನಮಗೆ ಆಗಲಿಲ್ಲ. ಈ ಸ್ಥಳ ಇನ್ನೂ ತೆರೆದಿರುವಂತೆ ಕಾಣುತ್ತದೆ."

ಇಷ್ಟು ವರ್ಷಗಳಲ್ಲಿ ಆ ಕಂಪನಿ ಹೇಳಿದ ಮಾತಿಗೆ ನಾನು ತಕರಾರು ಮಾಡದೆ ಸುಮ್ಮನಿದ್ದದ್ದು ಅದೊಂದೇ ಸಲ. ಹೊರಗೆ ಯಾರೋ ಬಾಗಿಲು ಜೋರಾಗಿ ಬಡಿಯುತ್ತಿದ್ದರು. ಅಂಗಿ ಹಾಕಿಕೊಂಡು ಎದ್ದೆ.